ಬಲಗೈಗೆ ಪ್ಲಾಸ್ಟರ್: ನಿಮಗೆ ಏನು ಕೈಕೊಟ್ಟಾಗ ಅದರ ಬೆಲೆ ಗೊತ್ತಾಯ್ತು?

ಮದ್ದೂರು ಮಂಜ · ಜುಲೈ 14

ಎಡಗೈ ಒಂದೇ ಬೆರಳಲ್ಲಿ ಕುಟ್ತಾ ಇದ್ದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ಬುಧವಾರ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ರ ಪಾಚಿ ಮೇಲೆ ಕಾಲಿಟ್ಟೆ. ಬೀಳ್ತಾ ಬಲಗೈ ಊರಿದೆ. ಮಣಿಕಟ್ಟಿನ ಹತ್ರ ಲಟಕ್. ಡಾಕ್ಟರು ಎಳೆದು ಕೂರಿಸಿ, ಬೆರಳಿನ ಬುಡದಿಂದ ಮೊಣಕೈವರೆಗೂ ಪ್ಲಾಸ್ಟರ್ ಹಾಕಿ "ಆರು ವಾರ" ಅಂದ್ರು. ನೋವು ಮೂರು ದಿನಕ್ಕೆ ತಗ್ಗಿತು. ನಾನು ಬರೀತಿರೋದು ನೋವಿನ ವಿಷಯ ಅಲ್ಲ.

ಅಂಗಿ ಗುಂಡಿ. 46 ವರ್ಷ ಆಯ್ತು, ಗುಂಡಿ ಹಾಕ್ಕೊಳ್ಳೋದೂ ಒಂದು ಕೆಲಸ ಅಂತ ಯಾವತ್ತೂ ಅನ್ನಿಸಿರಲಿಲ್ಲ. ನಿನ್ನೆ ಆರು ಗುಂಡಿಗೆ ಹನ್ನೊಂದು ನಿಮಿಷ ಹಿಡೀತು, ಕೊನೆಗೆ ನೋಡಿದ್ರೆ ಮೊದಲನೇದೇ ತಪ್ಪು ಕಾಜಾಕ್ಕೆ ಹೋಗಿದೆ. ಪೇಸ್ಟ್ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೀತೀನಿ. ಪೈಜಾಮದ ಲಾಡಿ ಕಟ್ಟೋಕಾಗದೆ ಮಗನ ಎಲಾಸ್ಟಿಕ್ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೀನಿ. ಎಡಗೈಗೆ ಈಗ ಎರಡೂ ಡ್ಯೂಟಿ, ಯಾವ್ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ಮುದ್ದೆ. ಎಡಗೈಲಿ ಮುರಿದು ಬಸ್ಸಾರಿಗೆ ಅದ್ದೋಕೆ ಹೋದೆ. ಊರಿಂದ ಬಂದಿರೋ ಅಮ್ಮ ತಟ್ಟೆ ಕಿತ್ಕೊಂಡು ತಾವೇ ತುತ್ತು ಮಾಡಿ ಬಾಯಿಗಿಟ್ರು. ಅಮ್ಮನಿಗೆ 71. ಬೆರಳುಗಳ ಗೆಣ್ಣು ಊದಿ ಸೊಟ್ಟಗಾಗಿವೆ. ಆ ಬೆರಳುಗಳನ್ನ ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷ ಆಗಿತ್ತೋ. ಅವರಿಗೆ ಬೆಳಗ್ಗೆ ಎದ್ದ ತಕ್ಷಣ ಬೆರಳು ಮಡಚೋಕೇ ಬರಲ್ವಂತೆ, ಬಿಸಿನೀರಲ್ಲಿ ಅರ್ಧ ಗಂಟೆ ಅದ್ದಿಟ್ಕೋಬೇಕಂತೆ. ನನಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಕೇಳ್ತಿದ್ದೀನಿ. ನಿಮಗೆ ಯಾವುದು ಕೈಕೊಟ್ಟಾಗ "ಅಯ್ಯೋ, ಇದು ಇಷ್ಟು ದಿನ ಪುಕ್ಕಟೆ ನಡೀತಿತ್ತಲ್ಲ" ಅನ್ನಿಸ್ತು? ಆರೋಗ್ಯವೇ ಭಾಗ್ಯ ಅಂತ ಆಟೋ ಹಿಂದೆ ಬರೆದಿರೋದು ನಾನೂ ಓದಿದ್ದೀನಿ, ಅದು ಬೇಡ. ಚಿಲ್ಲರೆ ಸಂಗತಿ ಹೇಳಿ.

ಹರಿಹರದ ಹನುಮ · ಜುಲೈ 14

ಮಂಜಣ್ಣ, ಬೇಗ ವಾಸಿಯಾಗಲಿ. ಆದ್ರೆ ಒಂದು ಮಾತು. ಸ್ಮಶಾನ ವೈರಾಗ್ಯ, ಪ್ರಸವ ವೈರಾಗ್ಯ ಅಂತಾರಲ್ಲ, ಇದು ಪ್ಲಾಸ್ಟರ್ ವೈರಾಗ್ಯ. ಕಟ್ಟು ಬಿಚ್ಚಿದ ಮೇಲೆ ಗುಂಡಿನೂ ನೆನಪಿರಲ್ಲ, ಲಾಡಿನೂ ನೆನಪಿರಲ್ಲ. ಆಯುಧಪೂಜೆ ಹೊತ್ತಿಗೆ ಮರೆತಿರ್ತೀರಿ, ಬೆಣ್ಣೆ ದೋಸೆ ಬೆಟ್.

ಮದ್ದೂರು ಮಂಜ · ಜುಲೈ 14

ಬೆಟ್. ದಾವಣಗೆರೆಲೇ ಇದ್ದೀನಿ, ಓಡಿ ಹೋಗಲ್ಲ.

ಕುಡ್ಲದ ಕಿಟ್ಟ · ಜುಲೈ 14

ನಂದು ಮೂಗು ಮಾರಾಯ್ರೆ. 2021ರಲ್ಲಿ ಕೊರೋನಾ ಬಂದದ್ದು. ಜ್ವರ ಎಂತ ದೊಡ್ಡದಿಲ್ಲ, ಎರಡು ದಿನ. ನಾಲ್ಕನೇ ದಿನ ಅಡುಗೆಮನೆಯಲ್ಲಿ ಬಂಗುಡೆ ಹುರೀತಾ ಇದ್ರು, ನಾನು ಪಕ್ಕದಲ್ಲೇ ನಿಂತು "ಇವತ್ತು ಮೀನಿಲ್ವಾ?" ಅಂತ ಕೇಳಿದೆ. ಹೆಂಡತಿ ಸೌಟು ಹಿಡ್ಕೊಂಡು ನನ್ನ ಮುಖ ನೋಡಿದ್ಲು, ಇಬ್ಬರಿಗೂ ಒಟ್ಟಿಗೆ ಅರ್ಥ ಆಯ್ತು.

ಎಂಟು ತಿಂಗಳು. ಹಲಸಿನ ಹಣ್ಣು ತಿಂದ್ರೆ ಬರೀ ಸಿಹಿ, ಹಲಸು ಇಲ್ಲ. ಮೊದಲ ಮಳೆ ಬಿದ್ದಾಗ ಮಣ್ಣಿನ ವಾಸನೆ ಇಲ್ಲ, ಬರೀ ಸದ್ದು. ಒಂದು ದಿನ ಗ್ಯಾಸ್ ಆಫ್ ಮಾಡ್ಲಿಕ್ಕೆ ಮರೆತು ಅಲ್ಲೇ ಕೂತು ಪೇಪರ್ ಓದ್ತಾ ಇದ್ದೆ, ಪಕ್ಕದ ಮನೆಯವರು ಓಡಿ ಬಂದದ್ದಕ್ಕೆ ಬದುಕಿದೆ.

ಆಮೇಲೆ ವಾಸನೆ ವಾಪಸ್ ಬಂತು, ಆದ್ರೆ ತಪ್ಪು ತಪ್ಪಾಗಿ. ಕಾಫಿ ಅಂದ್ರೆ ಸುಟ್ಟ ರಬ್ಬರು. ಈರುಳ್ಳಿ ಒಗ್ಗರಣೆ ಅಂದ್ರೆ ಕೊಳಚೆ. ಡಾಕ್ಟರು ದಿನಕ್ಕೆ ಎರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸ್ಲಿಕ್ಕೆ ಹೇಳಿದ್ರು. ಒಂದೊಂದು ಇಪ್ಪತ್ತು ಸೆಕೆಂಡು, ಅದು ಹೇಗಿತ್ತು ಅಂತ ನೆನಪು ಮಾಡ್ತಾ. ಒಂದನೇ ಕ್ಲಾಸಿನ ಮಗ್ಗಿ ಹಾಗೆ. ಮೊದಲು ಸರಿಯಾಗಿದ್ದು ಲವಂಗ. ಕಾಫಿ ಇನ್ನೂ ಪೂರ್ತಿ ಸರಿ ಆಗಿಲ್ಲ, ಚಾ ಕುಡೀತೇನೆ.

ಶಾರದಕ್ಕ · ಜುಲೈ 14

ಕಿಟ್ಟ ಅವರೇ, "ಬರೀ ಸದ್ದು" ಅಂದ್ರಲ್ಲ, ಅದನ್ನು ಓದಿ ಎದ್ದು ಹೋಗಿ ಒಲೆ ಮೇಲಿನ ಸಾರು ಮೂಸಿ ಬಂದೆ.

ನನ್ನದು ಮುಖ. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿ ರವಿಕೆ ಮೇಲೆ ಬಿತ್ತು. ಕನ್ನಡಿ ನೋಡಿದರೆ ಅರ್ಧ ಮುಖ ನನ್ನದು, ಅರ್ಧ ಯಾರದೋ. ಎಡಗಣ್ಣು ಮುಚ್ಚುತ್ತಿಲ್ಲ. ಬೀದಿಯವರೆಲ್ಲ ಲಕ್ವಾ ಹೊಡೆದಿದೆ ಅಂದರು. ಆಸ್ಪತ್ರೆಯಲ್ಲಿ "ಹುಬ್ಬು ಎತ್ತಿ" ಅಂದರು, ಎಡಹುಬ್ಬು ಏಳಲಿಲ್ಲ. ಅದನ್ನು ನೋಡಿ ಡಾಕ್ಟರಿಗೆ ಸ್ವಲ್ಪ ಸಮಾಧಾನ ಆದ ಹಾಗೆ ಕಂಡಿತು. ಬೆಲ್ಸ್ ಪಾಲ್ಸಿ ಅಂತ ಹೆಸರು.

ರಾತ್ರಿ ಕಣ್ಣಿನ ರೆಪ್ಪೆ ಮುಚ್ಚಿ ಟೇಪು ಅಂಟಿಸಿ ಮಲಗುತ್ತಿದ್ದೆ. ದೇವರ ಮುಂದೆ ಸ್ತೋತ್ರ ಹೇಳಿದರೆ ಪ, ಬ, ಮ ಮೂರೂ ಹೊರಡುತ್ತಿರಲಿಲ್ಲ, ತುಟಿ ಸೇರಿದರೆ ತಾನೇ. ಬಿಸಿ ಕಾಫಿ ಊದಲು ಆಗುತ್ತಿರಲಿಲ್ಲ. ಮೊಮ್ಮಗ "ಅಜ್ಜಿ ಯಾಕೆ ನನ್ನ ನೋಡಿ ನಗಲ್ಲ" ಅಂತ ಅತ್ತುಬಿಟ್ಟ. ನಾನು ನಗುತ್ತಲೇ ಇದ್ದೆ, ಅದು ಮುಖದ ಮೇಲೆ ಬರುತ್ತಿರಲಿಲ್ಲ ಅಷ್ಟೆ.

ಎರಡೂವರೆ ತಿಂಗಳಿಗೆ ಸರಿಹೋಯಿತು. ಈಗಲೂ ತುಂಬಾ ದಣಿದಾಗ ಎಡಗಣ್ಣು ಸ್ವಲ್ಪ ಕಿರಿದಾಗುತ್ತೆ, ನನಗೆ ಮಾತ್ರ ಗೊತ್ತಾಗುವಷ್ಟು.

ನೈಟ್ ಡ್ಯೂಟಿ ನರ್ಸು · ಜುಲೈ 15

ಶಾರದಕ್ಕ, ಡಾಕ್ಟರಿಗೆ ಸಮಾಧಾನ ಆಗಿದ್ದಕ್ಕೆ ಕಾರಣ ಇದೆ. ಮೆದುಳಿನ ಸ್ಟ್ರೋಕ್ ಆದ್ರೆ ಸಾಮಾನ್ಯವಾಗಿ ಹುಬ್ಬು ಏಳತ್ತೆ, ಹಣೆ ಸುಕ್ಕುಗಟ್ಟತ್ತೆ, ಬಾಯಿ ಮಾತ್ರ ಸೊಟ್ಟ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಕನೆಕ್ಷನ್ ಇರೋದ್ರಿಂದ ಹಾಗೆ. ಮುಖದ ನರವೇ ಊದಿಕೊಂಡ್ರೆ ಆ ಕಡೆಯ ಹುಬ್ಬೂ ಹೋಗತ್ತೆ.

ಆದ್ರೆ ದಯವಿಟ್ಟು ಯಾರೂ ಮನೇಲಿ ಹುಬ್ಬು ಪರೀಕ್ಷೆ ಮಾಡ್ಕೊಂಡು ಕೂರಬೇಡಿ. ಬಾಯಿ ಸೊಟ್ಟ ಆಯ್ತು, ಕೈಯಲ್ಲಿ ಶಕ್ತಿ ಇಲ್ಲ, ಮಾತು ತೊದಲ್ತಿದೆ ಅಂದ್ರೆ ಸೀದಾ ಸ್ಕ್ಯಾನ್ ಇರೋ ದೊಡ್ಡ ಆಸ್ಪತ್ರೆಗೆ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಕೊಡೋಕೆ ಇರೋದು ನಾಲ್ಕೂವರೆ ಗಂಟೆ. ನಮ್ಮಲ್ಲಿ ಅದರಲ್ಲಿ ಮೂರು ಗಂಟೆ "ದೃಷ್ಟಿ ಆಗಿರಬೇಕು" ಅನ್ನೋದ್ರಲ್ಲೇ ಹೋಗತ್ತೆ. ಬೆಲ್ಸ್ ಪಾಲ್ಸಿಗೂ ಮಾತ್ರೆ ಮೂರು ದಿನದೊಳಗೆ ಶುರುವಾದ್ರೆ ಒಳ್ಳೇದು.

ಮಂಜಣ್ಣ, ನಿಮಗೆ ಬೇರೆ ಮಾತು: ಪ್ಲಾಸ್ಟರ್ ಒಳಗೆ ತುರಿಸಿದ್ರೆ ಸ್ಕೇಲು, ಕಡ್ಡಿ, ಪೆನ್ನು ಏನೂ ತೂರಿಸಬೇಡಿ.

ಮದ್ದೂರು ಮಂಜ · ಜುಲೈ 15

ಸಿಸ್ಟರ್, ಮಗಳ ಹೆಣಿಗೆ ಕಡ್ಡಿ ಈಗಷ್ಟೇ ಹೊರಗೆ ತೆಗೆದೆ.

ಕೋಲಾರದ ಕೃಷ್ಣ · ಜುಲೈ 15

ಪ್ಲಾಸ್ಟರ್ ಯಾಕೆ ಹಾಕ್ಸಿದ್ರಿ, ಪುತ್ತೂರು ಕಟ್ಟು ಹಾಕ್ಸಬೇಕಿತ್ತು. ಸೊಪ್ಪು, ಮೊಟ್ಟೆ, ಬಿದಿರು ದಬ್ಬೆ, ಮುಗೀತು.

ಕುಡ್ಲದ ಕಿಟ್ಟ · ಜುಲೈ 15

ನಮ್ಮ ಪುತ್ತೂರಾ? ನಾನು ಅಲ್ಲಿಯೇ ಹುಟ್ಟಿದ್ದು, ಇಂಥದ್ದು ಕೇಳಿಲ್ಲ.

ಕೋಲಾರದ ಕೃಷ್ಣ · ಜುಲೈ 15

ಆಂಧ್ರದ್ದು ಸ್ವಾಮಿ, ತಿರುಪತಿ ಹತ್ರ. ನಮ್ಮ ಕಡೆ ಮೂಳೆ ಮುರಿದ್ರೆ ಮೊದಲು ಅಲ್ಲಿಗೇ ಬಸ್ ಹತ್ತೋದು.

ನೈಟ್ ಡ್ಯೂಟಿ ನರ್ಸು · ಜುಲೈ 15

ಬಸ್ ಹತ್ತೋ ಮುಂಚೆ ಒಂದು ಎಕ್ಸ್‌ರೇ ತೆಗೆಸಿ. ಬಿಗಿ ಕಟ್ಟಿಂದ ಬೆರಳು ಕಪ್ಪಾಗಿ ಬಂದೋರನ್ನ ನಾನು ನೋಡಿದ್ದೀನಿ. ಇಷ್ಟೇ ಹೇಳ್ತೀನಿ, ಜಗಳಕ್ಕೆ ಬರಲ್ಲ.

ಕೋಲಾರದ ಕೃಷ್ಣ · ಜುಲೈ 15

ನಮ್ಮ ತಾತಂದು ಕಾಲು ಅಲ್ಲೇ ಸರಿಹೋಗಿದ್ದು, ನಾನೂ ಇಷ್ಟೇ ಹೇಳ್ತೀನಿ.

ಧಾರವಾಡದ ಮಾಸ್ತರ · ಜುಲೈ 16

ನಾ ಹುಟ್ಟಿದಾಗಿಂದ ರೊಡ್ಡ. ಸಣ್ಣಾವಿದ್ದಾಗ ಎಡಗೈಲೆ ಉಂಡ್ರ ನಮ್ಮ ಮುತ್ಯಾ ಬಡೀತಿದ್ದ, ಎಡಗೈಲೆ ಬರದ್ರ ಸಾಲ್ಯಾಗ ಬಡೀತಿದ್ರು. ಮಂಜಣ್ಣಾರ, ನಿಮಗ ಆರು ವಾರ ಆಗೂದು ನಮಗ ಹುಟ್ಟಿದಾಗಿಂದ ಆಗೇದ. ಕತ್ತರಿ, ಮೆಟ್ಟಿಳಿಗಿ, ಕಾಲೇಜಿನ ಬರಿಯೂ ಹಲಗಿ ಇದ್ದ ಕುರ್ಚಿ, ಎಲ್ಲಾ ಬಲಗೈಯವರಿಗೇ ಮಾಡ್ಯಾರ. ಬಲಗೈ ಇರೂದು ಒಂದು ಸವಲತ್ತು ಅಂತ ಬಲಗೈಯವರಿಗೆ ಹ್ಯಾಂಗ ಗೊತ್ತಾಗಬೇಕು?

ಅದಿರ್ಲಿ. ನಾ ಕಳಕೊಂಡಿದ್ದು ಧ್ವನಿ. 31 ವರ್ಷ ಕಲಿಸೀನಿ, ಒಂದೊಂದು ವರ್ಗದಾಗ ಅರವತ್ತು ಹುಡುಗ್ರು, ಮೈಕು ಇಲ್ಲ ಏನಿಲ್ಲ. ಗಂಟಲದಾಗ ಗಂಟಾಗ್ಯಾವ, ಮೂರು ವಾರ ಮಾತಾಡಬ್ಯಾಡ್ರಿ ಅಂದ್ರು. ಪಿಸುಗುಡೂದೂ ಬ್ಯಾಡಂತ, ಅದಕ್ಕ ಇನ್ನೂ ಜೋರು ಬೀಳ್ತದಂತ. ಪಾಟಿ ಹಿಡಕೊಂಡು ಅಡ್ಡಾಡಿದೆ. ಮನಿಯಾಕಿ ಏನರೆ ಅಂದ್ರ ನಾ ಬರದು ತೋರಸೂದ್ರಾಗ ಆಕಿ ಮುಂದಿನ ಮಾತಿಗೆ ಹೋಗಿರತಿದ್ಲು. ಮೂರು ವಾರದಾಗ ಒಂದೂ ಜಗಳ ಗೆಲ್ಲಲಿಲ್ರಿ.

ಶಾರದಕ್ಕ · ಜುಲೈ 16

ಅದಕ್ಕೆ ಮುಂಚೆ ಎಷ್ಟು ಗೆದ್ದಿದ್ದಿರಿ ಮೇಷ್ಟ್ರೇ?

ಧಾರವಾಡದ ಮಾಸ್ತರ · ಜುಲೈ 16

ಅದನ್ನ ಕೇಳಬ್ಯಾಡ್ರಿ ಅಕ್ಕಾರ.

ಅಟ್ಲಾಂಟಾ ಅನು · ಜುಲೈ 16

ಮಗ್ಗುಲು ಬದಲಾಯಿಸೋದು! ಒಂದು ರಾತ್ರಿ ಬಲಕ್ಕೆ ತಿರುಗಿದೆ, ಇಡೀ ಕೋಣೆ ಒಗೆಯೋ ಮೆಷಿನ್ ಒಳಗೆ ಹಾಕಿದ ಹಾಗೆ ಸುತ್ತಿತು. ಕಿವಿಯೊಳಗೆ ಸುಣ್ಣದ ಪುಡಿಯಂಥ ಕಣಗಳಿರ್ತಾವಂತೆ, ಅವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಬಿದ್ದರೆ ಹೀಗೆ. ಫಿಸಿಯೋಥೆರಪಿಸ್ಟ್ ನನ್ನ ತಲೆ ಹಿಡ್ಕೊಂಡು ಈ ಕಡೆ, ಆ ಕಡೆ, ಆಮೇಲೆ ಮಗ್ಗುಲಿಗೆ ತಿರುಗಿಸಿ ಎಬ್ಬಿಸಿದ್ರು. ಹತ್ತು ನಿಮಿಷಕ್ಕೆ ಗುಣ. ಮಾತ್ರೆ ಇಲ್ಲ, ಏನಿಲ್ಲ. ಆದ್ರೆ ನಾಲ್ಕು ವರ್ಷದಿಂದ ಬಲಕ್ಕೆ ತಿರುಗೋ ಮುಂಚೆ ಒಂದು ಕ್ಷಣ ನಿಲ್ತೀನಿ.

ಪಾವಗಡದ ಪುಟ್ಟ · ಜುಲೈ 17

ಎಲ್ಲರದ್ದೂ ಓದಿದೆ. ಬೇಜಾರಾಗಬೇಡಿ, ಇಲ್ಲಿ ಎಲ್ಲರಿಗೂ ಮೊದಲು ಸರಿ ಇತ್ತು, ಆಮೇಲೆ ಹೋಯ್ತು, ಆಮೇಲೆ ವಾಪಸ್ ಬಂತು. ಅದಕ್ಕೇ ಕತೆ ಚೆನ್ನಾಗಿದೆ.

ನಮ್ಮಪ್ಪ ಕುಡಿದಿದ್ದು ಬೋರ್‌ವೆಲ್ ನೀರು. ನೀರಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ನಿಯಮ, ನಮ್ಮ ಕಡೆ ಅದು ದಾಟಿರೋ ಊರುಗಳಿಗೆ ಲೆಕ್ಕ ಇಲ್ಲ. ಕುಡಿದರೆ ರುಚಿಲೂ ಗೊತ್ತಾಗಲ್ಲ, ಕುದಿಸಿದರೂ ಹೋಗಲ್ಲ. ಅಪ್ಪನ ಬೆನ್ನು ನಲವತ್ತೈದಕ್ಕೇ ಹಲಗೆ ಆಯ್ತು. ಕತ್ತು ತಿರುಗಲ್ಲ, ಯಾರಾದ್ರೂ ಕರೆದರೆ ಇಡೀ ಮೈ ತಿರುಗಿಸಬೇಕು. ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕಾಗಲ್ಲ. ನನ್ನ ಹಲ್ಲಿನ ಮೇಲೆ ಕಂದು ಪಟ್ಟೆ, ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಹೋದಾಗ "ಗುಟ್ಕಾ ಹಾಕ್ತೀರಾ" ಅಂದ್ರು. ನಾನು ಅಡಿಕೆನೂ ಮುಟ್ಟಿಲ್ಲ.

ಈಗ ಶುದ್ಧ ನೀರಿನ ಘಟಕ ಬಂದಿದೆ, ಐದು ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಕ್ಯಾನ್. ಅಪ್ಪನಿಗೆ ಅದರಿಂದ ಇನ್ನು ಏನೂ ಆಗಬೇಕಿಲ್ಲ. ಹೀಗಿರುವಾಗ "ಇರೋದಕ್ಕೆ ಖುಷಿಪಡಿ" ಅಂತ ನಮಗೆ ಹೇಳೋರು ಮೊದಲು ನೀರು ಕೊಡಲಿ.

ಹರಿಹರದ ಹನುಮ · ಜುಲೈ 17

ಇದನ್ನೇ ನಾನು ಹೇಳ್ತಿದ್ದಿದ್ದು. ತೃಪ್ತಿ ಪಾಠ ಯಾವಾಗಲೂ ಹೊಟ್ಟೆ ತುಂಬಿದೋರಿಂದಲೇ ಬರತ್ತೆ.

ಮದ್ದೂರು ಮಂಜ · ಜುಲೈ 17

ಪುಟ್ಟಣ್ಣ, ನಾನು ಖುಷಿಪಡಿ ಅಂತ ಯಾರಿಗೂ ಹೇಳಿಲ್ಲ. ಆದ್ರೆ ನೀವು ಬರೆದಿದ್ದು ಓದಿ ನಮ್ಮ ಮನೆ ನಲ್ಲಿ ನೀರಲ್ಲಿ ಏನಿದೆ ಅಂತ ಇಷ್ಟು ವರ್ಷ ಯೋಚನೇನೇ ಮಾಡಿಲ್ವಲ್ಲ ಅನ್ನಿಸ್ತು. ಪುಕ್ಕಟೆ ಅಂದ್ಕೊಂಡಿದ್ದು ಪುಕ್ಕಟೆ ಅಲ್ಲ, ಯಾರೋ ಎಲ್ಲೋ ಸರಿ ಮಾಡಿಟ್ಟಿದ್ದು. ನಿಮ್ಮಲ್ಲಿ ಮಾಡಿಲ್ಲ.

ಬೆಂಗಳೂರು ಬಾಲು · ಜುಲೈ 17

2024ರ ಮಾರ್ಚಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರೂ ಬರ್ತಿರಲಿಲ್ಲ. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ ಜಲಮಂಡಳಿ 5000 ದಂಡ ಅಂತು. ಬಕೆಟ್ ಲೆಕ್ಕದಲ್ಲಿ ಬದುಕಿದ್ವಿ. ಜೂನಲ್ಲಿ ಮಳೆ ಬಂತು, ಜುಲೈಲಿ ಎದುರು ಮನೆಯವರು ಪೈಪ್ ಹಿಡಿದು ರಸ್ತೆ ತೊಳೀತಿದ್ರು. ಹನುಮಣ್ಣನ ವೈರಾಗ್ಯದ ಲೆಕ್ಕ ಸರಿ ಇದೆ.

ಸೋಮ-ಬುಧ-ಶುಕ್ರ · ಜುಲೈ 18

ಬರೆಯೋದೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ನನ್ನ ಹೆಸರು ನೋಡಿದ್ರೆ ಕೆಲವರಿಗೆ ಅರ್ಥ ಆಗಿರತ್ತೆ, ಡಯಾಲಿಸಿಸ್ ದಿನಗಳು. ನಾಲ್ಕು ವರ್ಷ ಆಯ್ತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ತಾಲ್ಲೂಕು ಆಸ್ಪತ್ರೆಯಲ್ಲಿ ದುಡ್ಡಿಲ್ಲ, ಅದೊಂದು ಪುಣ್ಯ.

ನನಗೆ ಮೂತ್ರ ಬರೋದು ನಿಂತಿದೆ. ನೀವೆಲ್ಲ ಬಸ್‌ಸ್ಟ್ಯಾಂಡಲ್ಲಿ ಶೌಚಾಲಯ ಹುಡುಕಿ ಬೈಕೋತೀರಲ್ಲ, ನನಗೆ ಆ ತಾಪತ್ರಯ ಇಲ್ಲ. ಕುಡಿದಿದ್ದೆಲ್ಲ ಒಳಗೇ ಉಳಿಯತ್ತೆ. ಹಾಗಾಗಿ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಕಾಫಿ, ಅದರಲ್ಲೇ ಸಾರು, ಅದರಲ್ಲೇ ಮಾತ್ರೆ ನುಂಗೋ ಗುಟುಕು. ಬೆಳಗ್ಗೆ ಒಂದು ಬಾಟಲಿ ತುಂಬಿಸಿಟ್ಕೋತೀನಿ. ಕಾಫಿ ಕುಡಿದ್ರೆ ಅಷ್ಟು ನೀರು ಬಾಟಲಿಯಿಂದ ತೆಗೆದು ಗಿಡಕ್ಕೆ ಹಾಕ್ತೀನಿ. ಬೇಸಿಗೆಯಲ್ಲಿ ನೀರನ್ನ ಐಸ್ ಮಾಡಿ ಒಂದೊಂದೇ ತುಂಡು ಬಾಯಲ್ಲಿಟ್ಕೋತೀನಿ, ಹೆಚ್ಚು ಹೊತ್ತು ಬರತ್ತೆ. ಮಳೆಗಾಲದಲ್ಲಿ ಚಾನಲ್‌ನಲ್ಲಿ ಜೋಗ ತೋರಿಸಿದ್ರೆ ಮಗಳು ರಿಮೋಟ್ ತಗೋತಾಳೆ.

ಮನೆ ಮುಂದೆ ಆರು ತೆಂಗಿನ ಮರ ಇದೆ. ಎಳನೀರು ನನಗೆ ವಿಷ, ಪೊಟ್ಯಾಶಿಯಂ ಏರಿ ಹೃದಯ ನಿಂತರೂ ನಿಂತೀತು. ಬಂದ ನೆಂಟರಿಗೆ ನಾನೇ ಕೆತ್ತಿ ಕೊಡ್ತೀನಿ. ಅವರು ಒಂದೇ ಉಸಿರಲ್ಲಿ ಎತ್ತಿ ಕುಡಿಯುವಾಗ ಗಂಟಲು ಮೇಲೆ ಕೆಳಗೆ ಆಗತ್ತಲ್ಲ, ಅದನ್ನ ನೋಡ್ತಾ ನಿಲ್ತೀನಿ. ಹೊಟ್ಟೆಕಿಚ್ಚು ಅಲ್ಲ. ಮೊದಲು ಇತ್ತು, ಈಗ ಇಲ್ಲ. ಎಷ್ಟು ಸಲೀಸಾಗಿ ಇಳೀತಿದೆ ಅಂತ ನೋಡೋದು, ಅಷ್ಟೆ.

ಮಂಜಣ್ಣ, ನೀವು ಚಿಲ್ಲರೆ ಸಂಗತಿ ಕೇಳಿದ್ರಿ. ಲೋಟ ಎತ್ತಿ ಕುಡಿಯೋದು.

ನೈಟ್ ಡ್ಯೂಟಿ ನರ್ಸು · ಜುಲೈ 18

ಅಣ್ಣ, ನಿಮ್ಮ ಬಾಟಲಿ ಲೆಕ್ಕ ನಮ್ಮ ಯೂನಿಟ್ಟಿನ ಎಲ್ಲರಿಗೂ ಹೇಳಿಕೊಡ್ತೀನಿ. ನಾವು ಎಷ್ಟೇ ಹೇಳಿದ್ರೂ ಸೋಮವಾರ ನಾಲ್ಕು ಕೆಜಿ ಏರಿಸಿಕೊಂಡು ಬರ್ತಾರೆ, ಭಾನುವಾರದ ಪ್ರತಾಪ. ಆರೋಗ್ಯವಾಗಿರೋ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಟ್ಟು ಮಿಕ್ಕಿದ್ದನ್ನ ವಾಪಸ್ ತಗೊಳ್ಳತ್ತೆ. ನಮ್ಮ ಅಷ್ಟು ದೊಡ್ಡ ಮೆಷಿನ್ನು ಅದರ ಮುಂದೆ ಏನೂ ಅಲ್ಲ. ಕಸಿಗೆ ಹೆಸರು ಬರೆಸಿದ್ದೀರಾ?

ಸೋಮ-ಬುಧ-ಶುಕ್ರ · ಜುಲೈ 18

ಸರ್ಕಾರದ ಅಂಗದಾನದ ಪಟ್ಟಿ, ಜೀವಸಾರ್ಥಕತೆಯಲ್ಲಿ ಬರೆಸಿದ್ದೀನಿ ಸಿಸ್ಟರ್. ಫೋನ್ ಯಾವಾಗಲೂ ಫುಲ್ ಚಾರ್ಜ್.

ಪಾವಗಡದ ಪುಟ್ಟ · ಜುಲೈ 18

ಅಣ್ಣ, ನಾನು ಮೇಲೆ "ಎಲ್ಲರಿಗೂ ವಾಪಸ್ ಬಂತು" ಅಂತ ಬರೆದಿದ್ದೆ. ನಿಮ್ಮದು ಓದಿರಲಿಲ್ಲ. ತಪ್ಪಾಯ್ತು.

ಸೋಮ-ಬುಧ-ಶುಕ್ರ · ಜುಲೈ 18

ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ. ನೀರು ಕೇಳಿದ್ದೀರಿ, ಅಷ್ಟೇ ತಾನೇ.

ಮದ್ದೂರು ಮಂಜ · ಆಗಸ್ಟ್ 23

ಬುಧವಾರ ಪ್ಲಾಸ್ಟರ್ ಬಿಚ್ಚಿದ್ರು. ಗರಗಸದಂಥ ಮೆಷಿನ್ ತಂದಾಗ ಜೀವ ಹೋಯ್ತು, ಅದು ಬರೀ ಅದುರತ್ತಂತೆ, ಚರ್ಮ ಕೊಯ್ಯಲ್ಲ. ಒಳಗಿಂದ ಬಂದ ಕೈ ನನ್ನದಲ್ಲ. ಸಣಕಲು, ಬೆಳ್ಳಗೆ, ಹೊಟ್ಟು ಉದುರ್ತಿದೆ, ಆ ವಾಸನೆ ಕಿಟ್ಟಣ್ಣನಿಗೂ ಬರ್ತಿತ್ತು. ಗುಂಡಿ ಹಾಕ್ಕೋಬಹುದು ಅಂತ ಕುಣಿದ್ರೆ ಬೆರಳು ಮಡಚಲ್ಲ. ಫಿಸಿಯೋ ದಿನಾ ಬಿಸಿನೀರಲ್ಲಿ ಅದ್ದಿ, ಚಪಾತಿ ಹಿಟ್ಟು ನಾದಿ ಅಂದಿದ್ದಾರೆ. ಹೀಗಾಗಿ ಬೆಳಗ್ಗೆ ಒಂದೇ ಬೇಸಿನ್ನಲ್ಲಿ ಒಂದು ಕಡೆ ಅಮ್ಮನ ಕೈ, ಒಂದು ಕಡೆ ನನ್ನ ಕೈ.

ಇವತ್ತು ಕಡೇ ಶ್ರಾವಣ ಶನಿವಾರ, ದೇವಸ್ಥಾನಕ್ಕೆ ಹೋಗಿದ್ವಿ. ತೀರ್ಥಕ್ಕೆ ಬಲಗೈ ಚಾಚಿದೆ. ಅಂಗೈ ಮೇಲ್ಮುಖ ತಿರುಗಲೇ ಇಲ್ಲ, ಅರ್ಧಕ್ಕೆ ನಿಂತಿತು. ಅರ್ಚಕರು ಹಾಕಿದ ತೀರ್ಥ ಪೂರ್ತಿ ಪಕ್ಕಕ್ಕೆ ಹರಿದು ಅವರ ಕಾಲ ಮೇಲೆ ಬಿತ್ತು. ಕೈ ತಿರುಗಿಸೋದು ಅಂತ ಒಂದು ಕೆಲಸ ಇದೆ ಅಂತ ಇವತ್ತು ಗೊತ್ತಾಯ್ತು.

ಧಾರವಾಡದ ಮಾಸ್ತರ · ಆಗಸ್ಟ್ 23

ಎಡಗೈ ಚಾಚಬೇಕಿತ್ತು. ಏನಂತಾರ ನೋಡೂಣು.

ಹರಿಹರದ ಹನುಮ · ಅಕ್ಟೋಬರ್ 3

ಮಂಜಣ್ಣ, ಕೈ ಹೇಗಿದೆ?

ಮದ್ದೂರು ಮಂಜ · ಅಕ್ಟೋಬರ್ 3

ಯಾವ ಕೈ?

ಮದ್ದೂರು ಮಂಜ · ಅಕ್ಟೋಬರ್ 3

ಥೂ.

ಹರಿಹರದ ಹನುಮ · ಅಕ್ಟೋಬರ್ 3

ಮೊನ್ನೆ ಆಯುಧಪೂಜೆಗೆ ಬೈಕ್ ಯಾರು ತೊಳೆದಿದ್ದು?

ಮದ್ದೂರು ಮಂಜ · ಅಕ್ಟೋಬರ್ 3

ನಾನೇ. ಎರಡು ಕೈಯಲ್ಲೂ. ಸರಿ, ಒಪ್ಪಿದೆ. ಭಾನುವಾರ ಬೆಳಗ್ಗೆ ಎಂಟಕ್ಕೆ ಬನ್ನಿ, ಅಮ್ಮನೂ ಇರ್ತಾರೆ. ಅವರ ಬೆರಳು ತೋರಿಸೋಕೆ ಸೋಮವಾರಕ್ಕೆ ಡಾಕ್ಟರ ಹತ್ರ ಬರೆಸಿದ್ದೀನಿ, ಅದನ್ನ ಮರೆತಿಲ್ಲ ನೋಡಿ.

ಸೋಮ-ಬುಧ-ಶುಕ್ರ · ಅಕ್ಟೋಬರ್ 3

ಚನ್ನಗಿರಿಯಿಂದ ಎಷ್ಟು ದೂರ, ನಾನೂ ಬರಬಹುದಾ? ಭಾನುವಾರ ನನಗೂ ರಜೆ. ಕಾಫಿ ಅರ್ಧ ಲೋಟ ಸಾಕು. ಆಲೂಗಡ್ಡೆ ಪಲ್ಯ ಮಾತ್ರ ನನ್ನ ತಟ್ಟೆಗೆ ಬೇಡ, ಹನುಮಣ್ಣನಿಗೆ ಹಾಕ್ಸಿ.